ಅಂಡಮಾನಿಗೆ ವರ್ಗವಾದ ಮೊದಲ ವರ್ಷ: ನೀರು, ತೇವ, ಉಪ್ಪುಗಾಳಿಗೆ ಸಂಸಾರ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಬ್ಯಾಂಕು, ನೌಕಾಪಡೆ, ಕೇಂದ್ರೀಯ ವಿದ್ಯಾಲಯ, ಕೇಂದ್ರ ಸರ್ಕಾರದ ಕಚೇರಿ ಎಂದು ಕರ್ನಾಟಕದಿಂದ ಅಂಡಮಾನಿಗೆ ಹೋಗುವವರು ಎಡವುವ ಜಾಗಗಳು ಹೆಚ್ಚುಕಡಿಮೆ ಅವೇ. ಮಾರ್ಚ್‌ನಲ್ಲಿ ಟ್ಯಾಂಕು ಬರಿದಾಗುತ್ತದೆ. ಜುಲೈನಲ್ಲಿ ಬೀರುವಿನೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ವರ್ಷ ತುಂಬುವ ಮೊದಲೇ ಫ್ರಿಜ್ಜಿನ ಹಿಂಬದಿ ತುಕ್ಕು ತಿನ್ನುತ್ತದೆ. ಹಡಗು ತಡವಾದ ವಾರ ತರಕಾರಿ ಸಿಗುವುದಿಲ್ಲ.

ಇದಕ್ಕೆಲ್ಲ ಮೂಲ ಒಂದೇ: ಅಲ್ಲಿ ಒಂದು ಋತುವಿನ ತೊಂದರೆ ಇನ್ನೊಂದು ಋತುವಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮಂಗಳೂರಿನ ಮಳೆ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿದರೆ, ಅಂಡಮಾನಿನಲ್ಲಿ ಮೇ ಮಧ್ಯದಿಂದ ಡಿಸೆಂಬರ್‌ವರೆಗೆ ಮುಂಗಾರು, ಹಿಂಗಾರು ಎರಡೂ ಸೇರಿ ಸುಮಾರು 3000 ಮಿಲಿಮೀಟರ್ ಸುರಿಸುತ್ತವೆ. ಜನವರಿಯಿಂದ ಏಪ್ರಿಲ್ ಒಣ. ಮಳೆಯಲ್ಲಿ ಬಂದಿಳಿದವರು ನೀರಿನ ಚಿಂತೆ ಮಾಡುವುದಿಲ್ಲ. ಒಣ ತಿಂಗಳಲ್ಲಿ ಬಂದವರಿಗೆ ತೇವದ ಅಂದಾಜಿರುವುದಿಲ್ಲ. ಆದ್ದರಿಂದ ಯಾವ ತಿಂಗಳಲ್ಲಿ ಬಂದರೂ ಎದುರು ಋತುವಿನ ತಯಾರಿ ಮೊದಲು ಮಾಡಿ. ಕೆಳಗಿನ ಹಂತಗಳನ್ನು ಹೊರಡುವ ತಯಾರಿಯಿಂದ ರಜೆಗೆ ಮರಳುವವರೆಗಿನ ಕ್ರಮದಲ್ಲಿ ಇಟ್ಟಿದ್ದೇವೆ. ಉದಾಹರಣೆಗಳೆಲ್ಲ ಪೋರ್ಟ್ ಬ್ಲೇರ್‌ನವು. 2024ರ ಸೆಪ್ಟೆಂಬರ್‌ನಿಂದ ಊರಿನ ಹೆಸರು ಶ್ರೀ ವಿಜಯಪುರಂ. ಜನರ ಬಾಯಲ್ಲಿ ಹಳೆಯ ಹೆಸರೂ ಇದೆ, ಹಾಗಾಗಿ ಪಾರ್ಸೆಲ್ ವಿಳಾಸದಲ್ಲಿ ಎರಡನ್ನೂ ಬರೆಸಿ.

ಹಂತ 1: ಹೊರಡುವ ಮುನ್ನ ಸಾಮಾನು ವಿಂಗಡಿಸುವುದು

ಸಾಮಾನು ಬೆಂಗಳೂರಿನಿಂದ ಲಾರಿಯಲ್ಲಿ ಚೆನ್ನೈಗೆ, ಅಲ್ಲಿಂದ ಹಡಗಿನಲ್ಲಿ ಹೋಗುತ್ತದೆ. ಸಮುದ್ರದ ದಾರಿ ಸುಮಾರು ಮೂರು ದಿನದ್ದಾದರೂ, ಬಂದರಿನಲ್ಲಿ ಕಾಯುವುದು ಸೇರಿ ವಾರಗಟ್ಟಲೆ ಹಿಡಿಯಬಹುದು. ಹಾಗಾಗಿ ಮೊದಲ ತಿಂಗಳಿಗೆ ಬೇಕಾದದ್ದು ನಿಮ್ಮ ಜೊತೆ ವಿಮಾನದಲ್ಲೇ ಇರಲಿ: ಎರಡು ಪಾತ್ರೆ, ಒಂದು ಕುಕ್ಕರ್, ಹಾಸಿಗೆ ಬಟ್ಟೆ, ಸೊಳ್ಳೆ ಪರದೆ, ಟಾರ್ಚ್, ದಿನವೂ ತೆಗೆದುಕೊಳ್ಳುವ ಔಷಧಿ ಮೂರು ತಿಂಗಳಿಗಾಗುವಷ್ಟು, ಕನ್ನಡಕ ಇದ್ದರೆ ಇನ್ನೊಂದು ಜೊತೆ.

ಒಯ್ಯಬಾರದವು: ಪಾರ್ಟಿಕಲ್ ಬೋರ್ಡಿನ ಬೀರು ಮತ್ತು ಮಂಚ (ಒಂದು ಮಳೆಗಾಲಕ್ಕೆ ಉಬ್ಬಿ ಪುಡಿಯಾಗುತ್ತವೆ), ದಪ್ಪ ಸೋಫಾ, ಚರ್ಮದ ಚಪ್ಪಲಿ-ಬೆಲ್ಟು, ಹತ್ತಿ ತುಂಬಿದ ಹಳೆಯ ಹಾಸಿಗೆ. ಪ್ಲಾಸ್ಟಿಕ್, ಗಟ್ಟಿಮರ, ಕಾಯರ್ ಅಥವಾ ಫೋಮ್ ಬಾಳುತ್ತವೆ.

ಫ್ರಿಜ್ ಒಯ್ಯುವುದಾದರೆ ನಿಲ್ಲಿಸಿಯೇ ಸಾಗಿಸಲು ಹೇಳಿ. ಇಳಿಸಿದ ಮೇಲೆ ಕನಿಷ್ಠ 4 ಗಂಟೆ ಬಿಟ್ಟು ಪ್ಲಗ್ ಹಾಕಿ. ಮಲಗಿಸಿ ತಂದಿದ್ದರೆ ಒಂದು ದಿನ ಬಿಡಿ. ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಅಷ್ಟು ಹೊತ್ತು ಬೇಕು.

ಗ್ಯಾಸ್ ಸಿಲಿಂಡರ್ ಮತ್ತು ರೆಗ್ಯುಲೇಟರ್ ಮರಳಿಸಿ ಟ್ರಾನ್ಸ್‌ಫರ್ ವೋಚರ್ ಪಡೆಯಿರಿ. ಅಲ್ಲಿ ಹೊಸ ಸಂಪರ್ಕ ಮಾಡಿಸುವಾಗ ಎರಡನೇ ಸಿಲಿಂಡರಿಗೂ ಅದೇ ದಿನ ಅರ್ಜಿ ಕೊಡಿ. ಪೂರೈಕೆ ತಡವಾದರೆ ಒಂದೇ ಸಿಲಿಂಡರಿನವರಿಗೆ ಒಲೆ ಆರುತ್ತದೆ. ವಾಹನ ಒಯ್ಯುವವರು ನೋಂದಣಿಯಾದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಓಡಿಸುವುದಾದರೆ ಮರುನೋಂದಣಿ ಕಡ್ಡಾಯ. ಹಡಗಿಗೆ ಹಾಕುವ ಮೊದಲು ತಳಭಾಗಕ್ಕೆ ತುಕ್ಕು ತಡೆಯುವ ಲೇಪ ಇಲ್ಲೇ ಮಾಡಿಸಿ, ತಲುಪಿದ ಮೇಲೆ ಅಲ್ಲ: ಡೆಕ್ಕಿನ ಮೇಲೆ ಕಳೆದ ಮೂರು ದಿನದಲ್ಲೇ ಉಪ್ಪು ಕೂತಿರುತ್ತದೆ.

ಅಂಕಪಟ್ಟಿ, ಆಸ್ತಿಪತ್ರದ ಮೂಲಪ್ರತಿಗಳನ್ನು ಊರಲ್ಲೇ ಲಾಕರಿನಲ್ಲಿಟ್ಟು ನಕಲು ಒಯ್ಯಿರಿ. ಒಯ್ಯಲೇಬೇಕಾದವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಹಂತ 2: ಮೊದಲ ಎರಡು ವಾರ, ಗಡಿಯಾರ ಮತ್ತು ಮೈ

ಭಾರತದ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿಗೆ ಹೊಂದಿಸಿದ್ದು. ಪೋರ್ಟ್ ಬ್ಲೇರ್ ಇರುವುದು ಸುಮಾರು 92.7ರಲ್ಲಿ. ಹಾಗಾಗಿ ಜೂನ್‌ನಲ್ಲಿ ಬೆಳಗ್ಗೆ 5ರ ಆಸುಪಾಸು ಸೂರ್ಯ ಹುಟ್ಟುತ್ತಾನೆ, ನವೆಂಬರ್‌ನಲ್ಲಿ ಸಂಜೆ 5ಕ್ಕೆ ಮೊದಲೇ ಮುಳುಗುತ್ತಾನೆ. ಊರಿನ ಅಭ್ಯಾಸದಂತೆ ರಾತ್ರಿ 11ಕ್ಕೆ ಮಲಗಿದರೆ ನಿದ್ದೆ ಸಾಲದೆ ತಲೆನೋವು ಶುರುವಾಗುತ್ತದೆ. ಜನ ಅದನ್ನು ಸೆಕೆಯ ತಲೆಗೆ ಕಟ್ಟುತ್ತಾರೆ. ಮಲಗುವ ಹೊತ್ತನ್ನು ದಿನಕ್ಕೆ 15 ನಿಮಿಷ ಹಿಂದಕ್ಕೆ ತನ್ನಿ, 9.30ಕ್ಕೆ ಬಂದು ನಿಲ್ಲಿಸಿ. ಪೂರ್ವದ ಕಿಟಕಿಗೆ ದಪ್ಪ ಪರದೆ ಹಾಕಿ. ಮೀನು, ತರಕಾರಿ, ಬಟ್ಟೆ ಒಗೆಯುವುದು, ನಡಿಗೆ ಎಲ್ಲವೂ ಬೆಳಗ್ಗೆ 8ರೊಳಗೆ ಮುಗಿದರೆ ಚೆನ್ನ.

ಉಷ್ಣಾಂಶ 23ರಿಂದ 31 ಡಿಗ್ರಿಯ ನಡುವೆಯೇ ಇದ್ದರೂ ಗಾಳಿಯ ತೇವದಿಂದ ಬೆವರು ಆರುವುದಿಲ್ಲ. ರಾಯಚೂರಿನ 40 ಡಿಗ್ರಿ ಕಂಡವರೂ ಅಲ್ಲಿ ಸೋಲುವುದು ಇದಕ್ಕೇ. ಮೈ ಒಗ್ಗಲು 10ರಿಂದ 14 ದಿನ ಬೇಕು. ಅಷ್ಟು ದಿನ ಮಧ್ಯಾಹ್ನ ಸಾಮಾನು ಹೊರುವ ಕೆಲಸ ಬೇಡ. ಬರೀ ನೀರು ಕುಡಿಯುವ ಬದಲು ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಎಳನೀರು ಕುಡಿಯಿರಿ. ಮೂತ್ರ ಗಾಢ ಹಳದಿಯಾದರೆ, ಕಾಲು ಸೆಳೆತ ಬಂದರೆ ಅದು ಎಚ್ಚರಿಕೆ: ಒಂದು ಪೊಟ್ಟಣ ಓಆರ್‌ಎಸ್ ಸರಿಯಾಗಿ ಒಂದು ಲೀಟರಿಗೆ ಕಲಸಿ, ಸ್ವಲ್ಪಸ್ವಲ್ಪವೇ ಕುಡಿಯಿರಿ.

ಹಂತ 3: ಮನೆ ಹುಡುಕುವಾಗ ನೋಡಬೇಕಾದ್ದು

ಸಮುದ್ರ ಕಾಣುವ ಬಾಲ್ಕನಿ ನೋಡಿ ಮುಂಗಡ ಕೊಡುವುದು ಅತಿ ಸಾಮಾನ್ಯ ತಪ್ಪು. ಸಮುದ್ರಕ್ಕೆ ನೇರ ಮುಖ ಮಾಡಿದ ಮನೆಯಲ್ಲಿ ತುಕ್ಕು ಎರಡು ಪಟ್ಟು ಕೆಲಸ ಕೊಡುತ್ತದೆ. ಊರು ಗುಡ್ಡಗಳ ಮೇಲಿದೆ. ಗುಡ್ಡದ ಮರೆಯಲ್ಲಿ, ಅಡ್ಡಗಾಳಿ ಆಡುವ, ಎತ್ತರದ ಮನೆ ಎಲ್ಲ ದೃಷ್ಟಿಯಿಂದಲೂ ಮೇಲು. ತಗ್ಗಿನ ಜಾಗಗಳ ಬಗ್ಗೆ ಎಚ್ಚರವಿರಲಿ. 2004ರ ಭೂಕಂಪದಲ್ಲಿ ನೆಲ ಕುಸಿದು, ಪೋರ್ಟ್ ಬ್ಲೇರ್ ಬಳಿಯ ಸಿಪ್ಪಿಘಾಟ್‌ನ ಗದ್ದೆಗಳಿಗೆ ನುಗ್ಗಿದ ಉಪ್ಪುನೀರು ಅಲ್ಲೇ ನಿಂತಿತು.

ಮನೆಯ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಊರಿನ ಸಂಪರ್ಕ ಭಾಷೆ ಹಿಂದಿ. ಬಂಗಾಳಿ, ತಮಿಳು, ತೆಲುಗು, ಮಲಯಾಳಂ ಆಡುವವರು ಎಲ್ಲೆಡೆ ಇದ್ದಾರೆ. ಕೇಳಬೇಕಾದ್ದು ಒಂದೇ: "ಮಾರ್ಚ್-ಏಪ್ರಿಲ್ ಮೇಂ ಪಾನಿ ಕಿತ್ನೇ ದಿನ್ ಮೇಂ ಆತಾ ಹೈ, ಕಿತ್ನೀ ದೇರ್?" (ಮಾರ್ಚ್-ಏಪ್ರಿಲ್‌ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು?) ಜೂನ್‌ನಲ್ಲಿ ಮನೆ ನೋಡಿದರೂ ಮಾರ್ಚ್‌ನದ್ದನ್ನೇ ಕೇಳಿ.

ಒಣ ತಿಂಗಳಲ್ಲಿ ಮನೆ ನೋಡುತ್ತಿದ್ದರೆ ತೇವದ ಗುರುತು ಹುಡುಕಿ: ಗೋಡೆಬೀರುವಿನ ಬಾಗಿಲು ತೆಗೆದು ಮೂಸಿ, ಮುಗ್ಗಲು ವಾಸನೆ ಇದೆಯೇ? ಹೊಸ ಸುಣ್ಣದ ಕೆಳಗೆ ಕಪ್ಪು ಚುಕ್ಕೆ, ನೆಲದಿಂದ ಒಂದು ಅಡಿಯವರೆಗೆ ಉಬ್ಬಿದ ಬಣ್ಣ ಕಂಡರೆ ಆ ಮನೆ ಬಿಡಿ. ಗುಡ್ಡ ಕಡಿದು ಕಟ್ಟಿದ ಮನೆಯಲ್ಲಿ ಮಣ್ಣಿಗೆ ಒರಗಿದ ಹಿಂಗೋಡೆಯೇ ಮೊದಲು ಒದ್ದೆಯಾಗುವುದು.

ಹಂತ 4: ನೀರು ಕೂಡಿಡುವುದು

ಊರಿಗೆ ಮುಖ್ಯವಾಗಿ ಧನಿಖಾರಿ ಅಣೆಕಟ್ಟಿನ ನೀರು. ಬೇಸಿಗೆಯಲ್ಲಿ ಅದು ದಿನ ಬಿಟ್ಟು ದಿನ, ಕೆಲವೆಡೆ ಇನ್ನೂ ಅಂತರ ಬಿಟ್ಟು ಬರುತ್ತದೆ. ಲೆಕ್ಕ ಹೀಗೆ ಹಾಕಿ: ತಲೆಗೆ ದಿನಕ್ಕೆ 100 ಲೀಟರ್, ನಾಲ್ವರಿಗೆ 400. ಮೂರು ದಿನಕ್ಕೊಮ್ಮೆ ನೀರು ಬಂದರೆ 1200, ಎರಡು ದಿನದ ಆಪತ್ತಿಗೆ 800. ಅಂದರೆ 2000 ಲೀಟರಿನ ಸಿಂಟೆಕ್ಸ್. ನೀರು ಬರುವ ಒತ್ತಡ ಕಡಿಮೆಯಿದ್ದರೆ ನೆಲಮಟ್ಟದಲ್ಲಿ 500 ಲೀಟರಿನ ಇನ್ನೊಂದು ಟ್ಯಾಂಕು, ಅದರಿಂದ ಮೇಲಕ್ಕೆ ಅರ್ಧ ಎಚ್‌ಪಿ ಪಂಪು. 500 ಲೀಟರಿನ ಒಂದೇ ಟ್ಯಾಂಕಿನಲ್ಲಿ ನಾಲ್ವರ ಸಂಸಾರ ಹೂಡುವುದು ಏಪ್ರಿಲ್‌ನಲ್ಲಿ ಖಾಸಗಿ ಟ್ಯಾಂಕರಿಗೆ ಕೈಯೊಡ್ಡುವ ದಾರಿ.

ಮಳೆನೀರು ಹಿಡಿಯಲು ಅಲ್ಲಿನ ತಗಡಿನ ಮಾಡು (ಛಾವಣಿ) ಹೇಳಿಮಾಡಿಸಿದ್ದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ಮಾಡಿಗೆ 20 ಮಿಲಿಮೀಟರ್ ಸುರಿದರೆ 1000. ಸೋರಿ, ಚಿಮ್ಮಿ ಹೋದದ್ದು ಕಳೆದು 800 ಲೀಟರ್ ಕೈಗೆ ಸಿಗುತ್ತದೆ. ಕ್ರಮ ಇಷ್ಟು:

1. ಮಾಡಿನ ಅಂಚಿಗೆ ಪಿವಿಸಿ ದೋಣಿ (ನೀರು ಹರಿಯುವ ಅರೆಪೈಪು), ಇಳಿಪೈಪಿನ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು ಕೂರಿಸಿ. ಕಬ್ಬಿಣದ ಕೊಕ್ಕೆ ಬೇಡ.
2. ಇಳಿಪೈಪಿನ ಬುಡದಲ್ಲಿ ಕವಲು ಕೊಟ್ಟು, ಮೊದಲ 50ರಿಂದ 100 ಲೀಟರ್ ಹೊರಗೆ ಹರಿಯಲಿ. ಹಕ್ಕಿ ಹಿಕ್ಕೆ, ಎಲೆ, ಉಪ್ಪು ಎಲ್ಲ ಅದರಲ್ಲೇ ಹೋಗುತ್ತದೆ.
3. ಟ್ಯಾಂಕಿನ ಬಾಯಿಗೂ ತುಂಬಿ ಹೊರಚೆಲ್ಲುವ ಪೈಪಿಗೂ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಿ. ಇಲ್ಲದಿದ್ದರೆ ಡೆಂಗಿಯ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದಂತೆ.
4. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪುಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಕುಡಿಯುವುದಕ್ಕೆ ಮತ್ತೆ ಕುದಿಸಿ.

ಬ್ಲೀಚಿಂಗ್ ಪುಡಿ ತೇವದಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಾಟು ವಾಸನೆ ಇಲ್ಲದ, ಗಂಟು ಕಟ್ಟಿದ ಪುಡಿ ಹಾಕುವುದೂ ಒಂದೇ, ಬಿಡುವುದೂ ಒಂದೇ.

ಡಿಸೆಂಬರಿನ ಕೊನೆಯ ಮಳೆಗೆ ಎಲ್ಲ ಟ್ಯಾಂಕುಗಳನ್ನೂ ತೊಳೆದು ತುಂಬಿಸಿಟ್ಟುಕೊಳ್ಳಿ. ಜನವರಿಯಲ್ಲಿ ತೊಳೆಯಲು ಹೊರಟರೆ ಮತ್ತೆ ತುಂಬಿಸಲು ನೀರಿರುವುದಿಲ್ಲ.

ಹಂತ 5: ತೇವ ಮತ್ತು ಬೂಷ್ಟು

ಮೊದಲು ತೇವಮಾಪಕ ಕೊಳ್ಳಿ. ಕೆಲವೇ ನೂರು ರೂಪಾಯಿಯದ್ದು ಸಾಕು. ಮಲಗುವ ಕೋಣೆಯಲ್ಲಿ ಅದು ದಿನಗಟ್ಟಲೆ 70 ಪ್ರತಿಶತ ದಾಟಿ ನಿಂತರೆ ಬೂಷ್ಟು ಬರುವುದು ಖಚಿತ. 60ರ ಕೆಳಗೆ ಇಳಿಸುವುದು ಗುರಿ. ಮನೆಯಿಡೀ ಇಳಿಸಲಾಗದು, ಪ್ರಯತ್ನವೂ ಬೇಡ. ಒಂದೇ ಕೋಣೆಯನ್ನು ಒಣಕೋಣೆ ಮಾಡಿ: ಬಟ್ಟೆ, ಪುಸ್ತಕ, ಕಾಗದಪತ್ರ, ಕ್ಯಾಮೆರಾ ಎಲ್ಲವೂ ಅಲ್ಲೇ ಇರಲಿ. ಅಲ್ಲಿ ಎಸಿ ಇದ್ದರೆ ದಿನಕ್ಕೆ ಎರಡು ಗಂಟೆ ಡ್ರೈ ಮೋಡ್‌ನಲ್ಲಿ ಓಡಿಸಿ. ತೇವ ಹೀರುವ ಯಂತ್ರವಾದರೆ ಕಿಟಕಿ ಬಾಗಿಲು ಮುಚ್ಚಿಯೇ ಓಡಿಸಿ. ಕಿಟಕಿ ತೆರೆದಿಟ್ಟು ಓಡಿಸುವವರು ಬಂಗಾಳ ಕೊಲ್ಲಿಯನ್ನೇ ಒಣಗಿಸಲು ಹೊರಟಂತಾಗುತ್ತದೆ.

ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಬಟ್ಟೆ ಒತ್ತೊತ್ತಾಗಿ ತುರುಕಬೇಡಿ. ಮಡಿಚಿಡುವ ಮುನ್ನ ಇಸ್ತ್ರಿ ಮಾಡಿ, ಬಿಸಿ ಆರಿದ ಮೇಲೆ ಇಡಿ. ಒಳಉಡುಪಿಗೂ ಇದೇ ನಿಯಮ. ರೇಷ್ಮೆ ಸೀರೆಗಳನ್ನು ಸಾಧ್ಯವಾದರೆ ಊರಲ್ಲೇ ಬಿಡಿ. ಒಯ್ದಿದ್ದರೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಜನವರಿ-ಫೆಬ್ರವರಿಯಲ್ಲಿ ಎಲ್ಲವನ್ನೂ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರಡಿ.

ಸಿಲಿಕಾ ಜೆಲ್ ಹಾಕಿ ಮರೆತುಬಿಡುವುದು ಇನ್ನೊಂದು ತಪ್ಪು. ಕಿತ್ತಳೆ ಬಣ್ಣದ ಹರಳು ಹಸಿರಿಗೆ ತಿರುಗಿದರೆ ಅದು ತೇವ ಹೀರಿ ತುಂಬಿದೆ ಎಂದರ್ಥ. ಓವನ್ನಿನಲ್ಲಿ 120 ಡಿಗ್ರಿಗೆ ಎರಡು-ಮೂರು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬೀರುವಿನೊಳಗೆ ಬಲ್ಬು ಉರಿಸಿಡುವ ಕರಾವಳಿಯ ಹಳೆಯ ಉಪಾಯ ಮಾತ್ರ ಬೇಡ. ಬಟ್ಟೆ ತಗುಲಿದರೆ ಬೆಂಕಿ.

ಗೋಡೆಯ ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ, ಅದರ ಬೀಜಕಣಗಳು ಕೋಣೆಯಿಡೀ ಹಾರುತ್ತವೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಅದೇ ಜಾಗದಲ್ಲಿ ಮತ್ತೆಮತ್ತೆ ಬಂದರೆ ಹಿಂದೆ ಸೋರಿಕೆ ಇದೆ. ಬಣ್ಣ ಬಳಿದರೆ ಹೋಗದು.

ಹಂತ 6: ಉಪ್ಪುಗಾಳಿ ಮತ್ತು ಕರೆಂಟು

ದ್ವೀಪಕ್ಕೆ ಮುಖ್ಯಭೂಮಿಯ ವಿದ್ಯುತ್ ಜಾಲದ ಸಂಪರ್ಕವಿಲ್ಲ. ಬಹುಪಾಲು ಡೀಸೆಲ್ ಜನರೇಟರ್, ಜೊತೆಗೆ ಸೌರಘಟಕಗಳು. ಕರೆಂಟು ಹೋಗುವುದಕ್ಕಿಂತ ಅದು ಏರಿಳಿಯುವುದೇ ಹೆಚ್ಚು ಹಾನಿ ಮಾಡುತ್ತದೆ. ಫ್ರಿಜ್ ಮತ್ತು ಎಸಿಗೆ ಬೇರೆಬೇರೆ ಸ್ಟೆಬಿಲೈಸರ್. ಕರೆಂಟು ಮರಳಿದ ಮೇಲೆ ಮೂರು ನಿಮಿಷ ತಡೆದು ಚಾಲೂ ಮಾಡುವ ಸೌಲಭ್ಯ ಅದರಲ್ಲಿದೆಯೇ ಎಂದು ಕೇಳಿ ಕೊಳ್ಳಿ. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಎರಡು ಫ್ಯಾನು, ಮೂರು ದೀಪ, ರೂಟರ್ ಸೇರಿ 200 ವಾಟ್ ಭಾರವನ್ನು ಸುಮಾರು ಐದು ಗಂಟೆ ನಡೆಸುತ್ತದೆ.

ತುಕ್ಕು ಶುರುವಾಗುವುದು ಉಪ್ಪು ಕೂತು, ಅದು ತೇವ ಹಿಡಿದಿಟ್ಟಾಗ. ಆದ್ದರಿಂದ ಸಿಹಿನೀರಿನಲ್ಲಿ ತೊಳೆದು ಒಣಗಿಸುವುದೇ ಎಲ್ಲಕ್ಕಿಂತ ಅಗ್ಗದ ಮದ್ದು. ಸ್ಕೂಟರಿನ ತಳ ವಾರಕ್ಕೊಮ್ಮೆ. ಎಸಿಯ ಹೊರಗಿನ ಪೆಟ್ಟಿಗೆ ಮೂರು ತಿಂಗಳಿಗೊಮ್ಮೆ, ಮೇನ್ ಆಫ್ ಮಾಡಿ, ಮೆಲ್ಲಗಿನ ಧಾರೆಯಲ್ಲಿ. ಬ್ಯಾಟರಿಯ ತುದಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಕೊಳಾಯಿ, ಕೊಕ್ಕೆ, ಸ್ಕ್ರೂ ಹೊಸದಾಗಿ ಹಾಕಿಸುವಾಗ 316 ದರ್ಜೆಯ ಸ್ಟೀಲ್ ಅಥವಾ ಹಿತ್ತಾಳೆ ಕೇಳಿ. ಸಾಮಾನ್ಯ 304 ಕೂಡ ಕಡಲಗಾಳಿಗೆ ಕಂದು ಚುಕ್ಕೆ ಹಿಡಿಯುತ್ತದೆ. ಎಚ್ಚರಿಕೆಯ ಗುರುತು: ಫ್ರಿಜ್ಜಿನ ಹಿಂದೆ ಹಸಿರು ಪುಡಿ ಕಂಡರೆ ತಾಮ್ರದ ಪೈಪು ಸವೆಯುತ್ತಿದೆ. ಗ್ಯಾಸ್ ಸೋರಿ ಹೋಗುವ ಮೊದಲೇ ಮೆಕ್ಯಾನಿಕ್ಕನ್ನು ಕರೆಯಿಸಿ.

2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಊರಿನಲ್ಲಿ ಇಂಟರ್‌ನೆಟ್ ಪರವಾಗಿಲ್ಲ. ಆದರೂ ಎರಡು ಬೇರೆ ಕಂಪನಿಗಳ ಸಿಮ್ ಇರಲಿ, ಒಂದು ಬಿಎಸ್‌ಎನ್‌ಎಲ್‌ನದು. ಹೊರದ್ವೀಪಗಳಿಗೆ ಹೋಗುವಾಗ ನಗದು ಕೈಯಲ್ಲಿರಲಿ.

ಹಂತ 7: ಅಡುಗೆಮನೆ

ಈರುಳ್ಳಿ, ಆಲೂಗಡ್ಡೆ, ಟೊಮ್ಯಾಟೊ, ಬೇಳೆ ಮುಖ್ಯಭೂಮಿಯಿಂದ ಬರುವಂಥವು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ ಹಡಗು ತಡವಾಗುತ್ತದೆ, ದರ ಏರುತ್ತದೆ. ಮೂರು ವಾರದ ಬೇಳೆಕಾಳು, ಒಂದು ವಾರದ ಈರುಳ್ಳಿ-ಆಲೂಗಡ್ಡೆ ಸದಾ ಇರಲಿ. ಅದಕ್ಕಿಂತ ಹೆಚ್ಚು ಕೂಡಿಟ್ಟರೆ ಹುಳು, ಬೂಷ್ಟು. 25 ಕಿಲೋ ಅಕ್ಕಿ ಮೂಟೆ ಬೇಡ, 10 ಕಿಲೋ ಸಾಕು.

ರಾಗಿಹಿಟ್ಟು, ಜೋಳದ ಹಿಟ್ಟು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಊರಿನಿಂದ ಹಿಟ್ಟು ಒಯ್ಯಬೇಡಿ, ಕಾಳು ಒಯ್ಯಿರಿ. ಇಡೀ ಕಾಳು ತಿಂಗಳುಗಟ್ಟಲೆ ತಾಳುತ್ತದೆ. ಹಿಟ್ಟು ಮಳೆಗಾಲದಲ್ಲಿ ಬೇಗ ಮುಗ್ಗುತ್ತದೆ. 15 ದಿನಕ್ಕಾಗುವಷ್ಟು ಮಾತ್ರ ಬೀಸಿಸಿ. ರವೆಯನ್ನು ತಂದ ದಿನವೇ ಹುರಿದು, ಆರಿಸಿ ಡಬ್ಬಿಗೆ ಹಾಕಿ. ಬೆಲ್ಲ ನೀರೊಡೆಯುತ್ತದೆ, ಕಾಫಿಪುಡಿ ಗಂಟಾಗುತ್ತದೆ. ಎರಡಕ್ಕೂ ರಬ್ಬರ್ ಬಳೆಯಿರುವ ಗಾಜಿನ ಬಾಟಲಿ ಬೇಕು. ಕಾಫಿಪುಡಿಯನ್ನು 200 ಗ್ರಾಮಿನ ಸೀಲ್ ಪೊಟ್ಟಣಗಳಲ್ಲಿ ಒಯ್ದು ಒಂದೊಂದಾಗಿ ಒಡೆಯಿರಿ.

ದೋಸೆಹಿಟ್ಟು ರಾತ್ರಿಯಿಡೀ ಹೊರಗಿಟ್ಟರೆ ಬೆಳಗ್ಗೆ ಹುಳಿ ಹೆಚ್ಚಾಗಿ ಉಕ್ಕಿರುತ್ತದೆ. ಐದಾರು ಗಂಟೆ ಸಾಕು. ಉಪ್ಪನ್ನು ರುಬ್ಬಿದ ಕೂಡಲೇ ಹಾಕಿ, ಮಲಗುವ ಮುನ್ನ ಫ್ರಿಜ್ಜಿಗೆ ಸೇರಿಸಿ. ತಾಜಾ ಹಾಲು ಎಲ್ಲರಿಗೂ ಸಾಲುವಷ್ಟಿಲ್ಲ, ಟೆಟ್ರಾ ಪ್ಯಾಕ್ ಮತ್ತು ಹಾಲಿನ ಪುಡಿಗೆ ಒಗ್ಗಿಕೊಳ್ಳಬೇಕು. ಅದರಿಂದಲೂ ಒಳ್ಳೆಯ ಮೊಸರಾಗುತ್ತದೆ, ಸ್ವಲ್ಪ ಗಟ್ಟಿಯಾಗಿ ಕಲಸಿ ಹೆಪ್ಪು ಹಾಕಿದರೆ.

ಕುಂಡದಲ್ಲಿ ಬಸಳೆ, ಹರಿವೆ, ಕರಿಬೇವು ಮೊದಲ ವಾರದಲ್ಲೇ ನೆಡಿ. ಹಡಗು ಬಾರದ ವಾರ ಬಸಳೆ ಹುಳಿಯೇ ಕೈಹಿಡಿಯುವುದು. ಸಂತೆಯಲ್ಲಿ ಬಂಗಾಳಿಗಳು ಇದನ್ನೇ ಪೂಯಿ ಎಂದು ಮಾರುತ್ತಾರೆ.

ಹಂತ 8: ಜ್ವರ, ಚರ್ಮ, ಕಡಿತ

ಅಂಡಮಾನಿನಲ್ಲಿ ಇಲಿಜ್ವರವನ್ನು ಹಗುರವಾಗಿ ಕಾಣಬಾರದು. ಇಲಿ, ದನಗಳ ಮೂತ್ರ ಬೆರೆತ ಕೆಸರುನೀರು ಕಾಲಿನ ಗಾಯದ ಮೂಲಕ ಒಳಸೇರುತ್ತದೆ. ಮಳೆಗಾಲದಲ್ಲಿ ನಿಂತ ನೀರಿಗಿಳಿಯುವಾಗ ಗಂಬೂಟು ಹಾಕಿ, ಗಾಯಕ್ಕೆ ನೀರು ತಾಗದ ಪಟ್ಟಿ ಕಟ್ಟಿ. ಜ್ವರದ ಜೊತೆ ಮೀನಖಂಡದ ತೀವ್ರ ನೋವು, ಕೆಂಪು ಕಣ್ಣು, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಕೆಮ್ಮಿನಲ್ಲಿ ರಕ್ತ ಇವುಗಳಲ್ಲಿ ಯಾವುದೇ ಕಂಡರೂ ಅದೇ ದಿನ ಜಿ.ಬಿ. ಪಂತ್ ಆಸ್ಪತ್ರೆಗೆ ಹೋಗಿ, ಕೆಸರಿಗಿಳಿದಿದ್ದನ್ನು ವೈದ್ಯರಿಗೆ ಹೇಳಿ. ಕೆಸರಿನಲ್ಲೇ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವುದುಂಟು. ವೈದ್ಯರು ಹೇಳದೆ ನುಂಗಬಾರದು.

ಡೆಂಗಿ, ಮಲೇರಿಯಾ ಎರಡೂ ಇರುವುದರಿಂದ ಯಾವ ಜ್ವರಕ್ಕೂ ರಕ್ತಪರೀಕ್ಷೆಗೆ ಮುನ್ನ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಐಬುಪ್ರೊಫೆನ್, ಆಸ್ಪಿರಿನ್ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ.

ತೊಡೆಸಂದು, ಸೊಂಟದಲ್ಲಿ ಉಂಗುರದಂತೆ ಕೆಂಪಾಗಿ ತುರಿಸಿದರೆ ಅದು ಗಜಕರ್ಣ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ಅಡಗಿಸಿ, ಆಮೇಲೆ ಮೈತುಂಬ ಹಬ್ಬಿಸುತ್ತದೆ. ಚರ್ಮವೈದ್ಯರು ಹೇಳಿದಷ್ಟು ದಿನ ಪೂರ್ತಿ ಔಷಧಿ ಹಚ್ಚಬೇಕು.

ಅಲ್ಲಿನ ದೊಡ್ಡ ಶತಪದಿ ಕಚ್ಚಿದರೆ ನೋವು ಭಯಂಕರ. ಕಚ್ಚಿದ ಜಾಗವನ್ನು ತಾಳಬಲ್ಲಷ್ಟು ಬಿಸಿನೀರಿನಲ್ಲಿ ಇಟ್ಟರೆ ಇಳಿಯುತ್ತದೆ. ಬೂಟು, ಹಾಸಿಗೆ ಕೊಡವದೆ ಬಳಸಬೇಡಿ.

ಹಂತ 9: ಸಮುದ್ರ, ಭೂಕಂಪ, ಕಾನೂನು

ಉಪ್ಪುನೀರಿನ ಮೊಸಳೆಗಳು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೊರೆಗಳಲ್ಲೂ ಕಡಲತೀರದಲ್ಲೂ ಇವೆ. ಫಲಕ ಇರಲಿ, ಇಲ್ಲದಿರಲಿ, ತೊರೆ ಸಮುದ್ರ ಸೇರುವಲ್ಲಿ ಇಳಿಯಬೇಡಿ; ಮುಸ್ಸಂಜೆಯ ನಂತರ ಎಲ್ಲೂ ಇಳಿಯಬೇಡಿ.

ದ್ವೀಪಗಳು ಭೂಕಂಪದ ಅತಿ ಅಪಾಯದ ವಲಯದಲ್ಲಿವೆ. ಸಣ್ಣ ನಡುಕಗಳು ಬರುತ್ತಲೇ ಇರುತ್ತವೆ. ನಿಲ್ಲಲಾಗದಷ್ಟು ಜೋರಾಗಿ ನಡುಗಿದರೆ, ಅಥವಾ ನಡುಕ 20 ಸೆಕೆಂಡ್ ಮೀರಿದರೆ, ಅದೇ ಸುನಾಮಿಯ ಎಚ್ಚರಿಕೆ ಎಂದುಕೊಳ್ಳಿ. ಸೈರನ್ನಿಗೆ, ಮೆಸೇಜಿಗೆ ಕಾಯದೆ ಕಾಲ್ನಡಿಗೆಯಲ್ಲಿ ಗುಡ್ಡ ಹತ್ತಿ. ಮೊದಲ ಅಲೆಯ ನಂತರವೂ ಗಂಟೆಗಟ್ಟಲೆ ಅಲೆಗಳು ಬರಬಹುದು. ಅಧಿಕೃತವಾಗಿ ಹೇಳುವವರೆಗೆ ಇಳಿಯಬೇಡಿ. ಮನೆಯಿಂದ ಎತ್ತರದ ಜಾಗಕ್ಕೆ ಮಕ್ಕಳನ್ನು ಒಮ್ಮೆ ನಡೆಸಿಕೊಂಡು ಹೋಗಿ ದಾರಿ ತೋರಿಸಿ.

ಬಾರಾಟಾಂಗ್ ದ್ವೀಪದ ಕಡೆಗಿನ ರಸ್ತೆ ಜಾರವಾ ಬುಡಕಟ್ಟಿನ ಮೀಸಲು ಪ್ರದೇಶದ ನಡುವೆ ಹೋಗುತ್ತದೆ. ಜಿರ್ಕಾಟಾಂಗ್‌ನಿಂದ ನಿಗದಿತ ಹೊತ್ತಿಗೆ ವಾಹನಗಳ ಸಾಲಿನಲ್ಲೇ ಸಾಗಬೇಕು. ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಜೈಲು ಶಿಕ್ಷೆಯ ಅಪರಾಧ. ಆ ಜನರ ಬದುಕಿಗೆ ನಮ್ಮ ಒಂದು ನೆಗಡಿಯೂ ಅಪಾಯ. ತೀರದಿಂದ ಹವಳ, ಚಿಪ್ಪು ಹೆಕ್ಕಿ ತರಬೇಡಿ; ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ಹಂತ 10: ರಜೆಗೆ ಊರಿಗೆ ಹೊರಡುವಾಗ

ಹೊರದ್ವೀಪದಲ್ಲಿದ್ದರೆ ವಿಮಾನದ ಹಿಂದಿನ ದಿನವಲ್ಲ, ಎರಡು ದಿನ ಮೊದಲೇ ಪೋರ್ಟ್ ಬ್ಲೇರಿಗೆ ಬನ್ನಿ. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ. ಮರಳುವಾಗಲೂ ಕೆಲಸಕ್ಕೆ ಹಾಜರಾಗುವ ದಿನಕ್ಕೆ ಮುನ್ನ ಎರಡು ದಿನ ಕೈಯಲ್ಲಿರಲಿ.

ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲಿಗೆ ಬಟ್ಟೆ ಸಿಕ್ಕಿಸಿ ತೆರೆದಿಡಿ. ಟ್ಯಾಂಕಿನ ಮುಚ್ಚಳ, ಬಲೆ ಬಿಗಿಯಾಗಿವೆಯೇ ನೋಡಿ. ಕುಂಡದ ತಟ್ಟೆಗಳ ನೀರು ಚೆಲ್ಲಿ. ಬೀರುವಿನ ಬಾಗಿಲು ಅರೆ ತೆರೆದಿರಲಿ, ಒಣಗಿಸಿದ ಸಿಲಿಕಾ ಜೆಲ್ ಒಳಗಿಡಿ. ಸ್ಕೂಟರಿನ ಬ್ಯಾಟರಿ ತಂತಿ ಬಿಚ್ಚಿ, ಟ್ಯಾಂಕು ತುಂಬ ಪೆಟ್ರೋಲ್ ಹಾಕಿಡಿ. ಖಾಲಿ ಟ್ಯಾಂಕಿನೊಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ. ಕೀಲಿಯ ಒಂದು ಪ್ರತಿ ನೆರೆಯವರ ಬಳಿ ಕೊಟ್ಟು, ವಾರಕ್ಕೊಮ್ಮೆ ಬಿಸಿಲಿರುವಾಗ ಕಿಟಕಿ ತೆರೆಯಲು ಕೇಳಿಕೊಳ್ಳಿ. ಬಾಗಿಲಿಗೆ ಹಿತ್ತಾಳೆ ಬೀಗ ಹಾಕಿ. ಅದರ ತೂತಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಅಂಟಾಗುತ್ತದೆ. ಪೆನ್ಸಿಲಿನ ಸೀಸದ ಪುಡಿ ಉದುರಿಸಿ ಎರಡು ಸಲ ತಿರುಗಿಸಿ ನೋಡಿ.